ಶವರ್ ಹೆಡ್ ಒಳಗಿನ ಲೋಳೆ: ಶ್ವಾಸಕೋಶದ ತೊಂದರೆ ಇರುವವರ ಮನೆಗೆ

ಕ್ಯಾಮೆರಾದ ಲೆನ್ಸ್ ಮೇಲೆ ಹಬೆ ಕೂತಿದೆ, ಒರೆಸಿದ್ರೂ ಮತ್ತೆ ಬರ್ತದೆ. ಮಂಗಳೂರಿನ ಮಳೆಗಾಲದಲ್ಲಿ ಬಚ್ಚಲಲ್ಲಿ ಟವೆಲೇ ಒಣಗುದಿಲ್ಲ, ಇನ್ನು ಶವರ್ ಹೆಡ್‌ನ ಹೊಟ್ಟೆ ಎಲ್ಲಿ ಒಣಗ್ತದೆ?

ತೂತಿನ ಹಿಂದೆ ಕಂದು ಲೋಳೆ ಕಾಣ್ತದಲ್ಲ, ಅದರಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿರ್ತದೆ. ಆರೋಗ್ಯ ಗಟ್ಟಿ ಇದ್ದವರಿಗೆ ಹೆಚ್ಚಾಗಿ ಎಂತದೂ ಆಗುದಿಲ್ಲ. ಸಿಒಪಿಡಿ (ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟುವ ದೀರ್ಘ ಕಾಯಿಲೆ), ಬ್ರಾಂಕಿಯೆಕ್ಟಾಸಿಸ್ (ಶ್ವಾಸನಾಳ ಹಿಗ್ಗಿ ಕಫ ಕಟ್ಟುವ ಕಾಯಿಲೆ) ಇದ್ದವರು, ಹಳೆಯ ಟಿಬಿಯಿಂದ ಶ್ವಾಸಕೋಶ ಕೆಟ್ಟವರು ಹುಷಾರಾಗಿರಬೇಕು. ಹೆದರಿಕೆ ಎರಡು. ಒಂದು ಲೀಜಿಯೊನೆಲ್ಲಾ, ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾ. ಇನ್ನೊಂದು ಎನ್‌ಟಿಎಂ, ಅಂದ್ರೆ ನಾನ್-ಟ್ಯೂಬರ್ಕುಲಸ್ ಮೈಕೋಬ್ಯಾಕ್ಟೀರಿಯಾ, ಟಿಬಿಯ ಕುಟುಂಬದ್ದೇ, ಆದ್ರೆ ಟಿಬಿ ಅಲ್ಲ. ಇದರ ಮೈಮೇಲೆ ಮೇಣದ ಹಾಗೆ ಪದರ ಉಂಟು, ಹಾಗಾಗಿ ನಲ್ಲಿ ನೀರಿನ ಕ್ಲೋರಿನ್‌ಗೆ ಸುಲಭಕ್ಕೆ ಬಗ್ಗುದಿಲ್ಲ. ಕಫವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದ್ರೆ ಟಿಬಿಗೂ ಇದಕ್ಕೂ ವ್ಯತ್ಯಾಸ ಗೊತ್ತಾಗುದಿಲ್ಲ, ಬೇರೆ ಟೆಸ್ಟ್ ಬೇಕು. ಅದು ಡಾಕ್ಟರ ಕೆಲಸ, ನಾವು ಬಚ್ಚಲಿಗೆ ಬರುವ.

ಈಗ ಬಿಚ್ಚುವುದು. ನಿಲ್ಲಿ, ಇಲ್ಲಿ ಸ್ವಲ್ಪ ನಿಧಾನ. ಈ ಶಾಟಲ್ಲಿ ಹೆಡ್ ಜೊತೆ ಗೋಡೆಯಿಂದ ಬಂದ ಕೈಪೈಪೂ ತಿರುಗ್ತಾ ಉಂಟು, ನೋಡಿದ್ರಾ? ಇದೇ ಎಡವಟ್ಟು! ಆ ಕೈಪೈಪ್ ಗೋಡೆಯ ಒಳಗಿನ ಎಲ್ಬೋಗೆ (ಪೈಪ್ ತಿರುಗುವ ಮೂಲೆಯ ತುಂಡಿಗೆ) ಥ್ರೆಡ್‌ನಲ್ಲಿ ಕೂತಿರ್ತದೆ, ಅಲ್ಲಿ ಟೆಫ್ಲಾನ್ ಟೇಪ್ ಸುತ್ತಿರ್ತಾರೆ. ಕಾಲು ಸುತ್ತು ಹಿಂದೆ ತಿರುಗಿದ್ರೂ ಆ ಟೇಪಿನ ಹಿಡಿತ ಹೋಗಬಹುದು. ನೀರು ಹೊರಗೆ ಕಾಣುವುದೇ ಇಲ್ಲ, ಟೈಲ್ಸ್ ಹಿಂದೆ ಇಳಿದು ಆಚೆ ಕೋಣೆಯ ಗೋಡೆ ಬೂಸ್ಟು ಹಿಡಿದ ಮೇಲೆ ಗೊತ್ತಾಗುದು. ಉಬ್ಬಸದವರ ಮನೆಯಲ್ಲಿ ಗೋಡೆಗೆ ಬೂಸ್ಟು! ಆಮೇಲೆ ಟೈಲ್ಸ್ ಒಡೆಯಬೇಕು, ಹೊಂದುವ ಟೈಲ್ಸ್ ಅಂಗಡಿಯಲ್ಲಿ ಸಿಗುದಿಲ್ಲ, ಹಳೆ ಡಿಸೈನ್ ನಿಂತೇ ಹೋಗಿರ್ತದೆ. ಇನ್ನೂರು ಮುನ್ನೂರು ರೂಪಾಯಿಯ ಹೆಡ್‌ಗೋಸ್ಕರ ಇಷ್ಟು ರಗಳೆ. ಹಾಗಾಗಿ ಎಡಗೈಯಲ್ಲಿ ಒದ್ದೆ ಬಟ್ಟೆ ಸುತ್ತಿ ಕೈಪೈಪನ್ನು ಗಟ್ಟಿ ಹಿಡಿಯಿರಿ, ಬಲಗೈಯಿಂದ ಹೆಡ್ ಮಾತ್ರ ತಿರುಗಿಸಿ. ಬರದಿದ್ರೆ ಬಿಟ್ಟುಬಿಡಿ, ಜಗ್ಗಬೇಡಿ. ವಿನೆಗರ್ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ, ಹೆಡ್ ಮುಳುಗುವ ಹಾಗೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ. ಅದು ಅರ್ಧ ಕೆಲಸ ಅಷ್ಟೇ, ಆದ್ರೆ ಗೋಡೆ ಉಳೀತದೆ.

ಸರಿ, ಬಂತು. ಒಳಗಿನ ರಬ್ಬರ್ ವಾಷರ್ ಚರಂಡಿಗೆ ಹೋಗದ ಹಾಗೆ ನೋಡಿ.

ಮೊದಲು ಹುಳಿ, ಅಂದ್ರೆ ವಿನೆಗರ್, ಆಮೇಲೆ ಬ್ಲೀಚ್. ಇದು ತಿರುಗುಮುರುಗು ಆಗಬಾರದು. ಬೋರ್‌ವೆಲ್ ನೀರಲ್ಲಿ ಕಬ್ಬಿಣ ಇದ್ರೆ ಬ್ಲೀಚ್ ಅದನ್ನು ತುಕ್ಕಿನ ಕಲೆ ಮಾಡಿ ಕೂರಿಸಿಬಿಡ್ತದೆ. ಸುಣ್ಣದ ಪದರದ ಒಳಗೆ ಬ್ಲೀಚ್ ಇಳಿಯುದೂ ಇಲ್ಲ. ವಿನೆಗರ್‌ನಲ್ಲಿ ಅರ್ಧ ಗಂಟೆ ಬಿಟ್ಟು, ಹಳೆ ಟೂತ್‌ಬ್ರಶ್‌ನಿಂದ ಲೋಳೆ ತಿಕ್ಕಿ ತೆಗೆಯಿರಿ. ತಿಕ್ಕದೆ ಬರೀ ನೆನೆಹಾಕಿದ್ರೆ ಲೋಳೆಯ ಮೇಲ್ಪದರ ಸಾಯ್ತದೆ, ಅಡಿಯಲ್ಲಿದ್ದದ್ದು ಬದುಕ್ತದೆ. ವಿನೆಗರ್ ಬದಲು ಬಿಂಬುಳಿ (ಹುಳಿ ಕಾಯಿ) ಆಗ್ತದಾ ಅಂತ ಕೇಳ್ಬೇಡಿ. ತಾಮ್ರದ ಹಂಡೆ ತಿಕ್ಕಲಿಕ್ಕೆ ಅದರಷ್ಟು ಒಳ್ಳೇದು ಬೇರೆ ಇಲ್ಲ, ಇಲ್ಲಿ ತಿರುಳು ತೂತಿಗೆ ಸಿಕ್ಕಿಕೊಳ್ತದೆ.

ಈಗ ತೊಳೆಯಿರಿ, ಚೆನ್ನಾಗಿ. ಹುಳಿ ಉಳಿದು ಬ್ಲೀಚ್ ಸೇರಿದ್ರೆ ಕ್ಲೋರಿನ್ ಅನಿಲ ಏಳ್ತದೆ, ಟಾಯ್ಲೆಟ್ ಆಸಿಡ್ ಜೊತೆ ಇನ್ನೂ ಜೋರು. ಕಾಯಿಲೆಯವರನ್ನು ಕಾಪಾಡಲಿಕ್ಕೆ ಹೋಗಿ ಅವರ ಉಸಿರೇ ಕಟ್ಟಿಸಿದ ಹಾಗೆ ಆಗ್ತದೆ. ಅವರು ಈ ಹೊತ್ತಿಗೆ ಜಗಲಿಯಲ್ಲಿ ಕೂತಿರಲಿ, ಬಚ್ಚಲ ಹತ್ತಿರ ಬೇಡ.

5 ಶೇಕಡಾದ ಹೈಪೋಕ್ಲೋರೈಟ್, ಅಂದ್ರೆ ಬ್ಲೀಚ್ ದ್ರಾವಣ, 100 ಮಿಲಿ, ನೀರು 900 ಮಿಲಿ. ಪ್ಲಾಸ್ಟಿಕ್ ಬಕೆಟ್, ಗ್ಲೌಸ್, ಕಿಟಕಿ ತೆರೆದು. 30 ನಿಮಿಷ. ರಾತ್ರಿಯಿಡೀ ಇಟ್ರೆ ಕ್ರೋಮ್ ಕಪ್ಪಾಗ್ತದೆ. ಹಳೇ ಬಾಟಲಿ ಬೇಡ, ನಮ್ಮ ಸೆಕೆಗೆ ಅದರ ಶಕ್ತಿ ಇಳಿದಿರ್ತದೆ.

ಇದು ನೆನೆಯುವಷ್ಟರಲ್ಲಿ ಒಂದು ಮಾತು. ಕ್ಲೋರಿನ್ ತೆಗೆಯುವ ಫಿಲ್ಟರ್ ಶವರ್ ಅಂತ ಮಾರ್ತಾರಲ್ಲ, ಕೂದಲಿಗೆ ಒಳ್ಳೇದಂತೆ. ಶ್ವಾಸಕೋಶದ ಕಾಯಿಲೆಯವರ ಮನೆಗೆ ಅದು ಬೇಡವೇ ಬೇಡ. ತುಂಬೆ ಅಣೆಕಟ್ಟಿನಿಂದ ಮಂಗಳೂರಿಗೆ ಬರುವ ನೀರಿಗೆ ಕ್ಲೋರಿನ್ ಹಾಕಿ ಕಳಿಸ್ತಾರೆ, ಈ ಫಿಲ್ಟರಿನವರು ಕೊನೇ ಗೇಣಲ್ಲಿ ಅದನ್ನು ತೆಗೆದು, ಫಿಲ್ಟರ್ ಒಳಗಿನ ಮಸಿಯ ಕಾಳಿನ ಮೇಲೆ ಬ್ಯಾಕ್ಟೀರಿಯಾಕ್ಕೆ ಹಾಸಿಗೆ ಹಾಸಿಕೊಡ್ತಾರೆ. ಬ್ಯಾಕ್ಟೀರಿಯಾ ತಡೆಯುವುದು 0.2 ಮೈಕ್ರಾನ್‌ನ ಆಸ್ಪತ್ರೆ ಫಿಲ್ಟರ್, ಅದನ್ನು ಆಗಾಗ ಬದಲಿಸಬೇಕು, ಖರ್ಚು ಜಾಸ್ತಿ. ಇನ್ನೊಂದು, ಸ್ಟೀಲ್ ಹೆಡ್ ಶುಭ್ರ ಅಂತ ನಾನೇ ಹೇಳುತ್ತಿದ್ದೆ, ಈಗ ಹೇಳುದಿಲ್ಲ. ಅಮೆರಿಕ, ಯುರೋಪಿನ ಮನೆಗಳ ಶವರ್ ಹೆಡ್ ನೋಡಿದ 2018ರ ಅಧ್ಯಯನದಲ್ಲಿ ಎನ್‌ಟಿಎಂ ಕುಟುಂಬದ ಬ್ಯಾಕ್ಟೀರಿಯಾ ಪ್ಲಾಸ್ಟಿಕ್‌ಗಿಂತ ಲೋಹದ್ದರಲ್ಲೇ ಹೆಚ್ಚು ಸಿಕ್ಕಿತ್ತು. ಬಾವಿ ನೀರಿಗಿಂತ ನಗರದ ನೀರಿನ ಮನೆಗಳಲ್ಲೂ ಹೆಚ್ಚು, ಕ್ಲೋರಿನ್‌ಗೆ ಸುಲಭಕ್ಕೆ ಬಗ್ಗದ ಜಾತಿ ಅಲ್ಲವಾ. ಅಗ್ಗದ ಪ್ಲಾಸ್ಟಿಕ್ ಹೆಡ್, ದೊಡ್ಡ ತೂತಿನದ್ದು, ವರ್ಷಕ್ಕೊಮ್ಮೆ ಬಿಸಾಡಿ. ಮಂಜಿನ ಹಾಗೆ ಸಿಂಪಡಿಸುವ ಫ್ಯಾನ್ಸಿ ಶವರೇ ಕೆಟ್ಟದ್ದು, ಸಣ್ಣ ಹನಿಯೇ ಶ್ವಾಸಕೋಶದ ಆಳಕ್ಕೆ ಹೋಗುದು.

ಟೈಮ್ ಆಯ್ತು. ತೊಳೆದು, ವಾಷರ್ ಕೂರಿಸಿ, ಟೇಪ್ ಸುತ್ತಿ, ಕೈಯಿಂದಲೇ ಬಿಗಿ ಮಾಡಿ. ಕಿಟಕಿ ತೆಗೆದಿಟ್ಟು, ಹೆಡ್‌ಗೆ ತೊಟ್ಟೆ ಸಡಿಲವಾಗಿ ಕಟ್ಟಿ ಕೆಳಗೆ ಸಣ್ಣ ತೂತು ಮಾಡಿ, ಐದು ನಿಮಿಷ ನೀರು ಬಿಡಿ. ತೊಟ್ಟೆ ಯಾಕೆ ಅಂದ್ರೆ ಹನಿ ಹಾರಬಾರದು. ಗಲ್ಫಿನಲ್ಲಿ ಇರುವವರ ಊರಿನ ಮನೆ ತಿಂಗಳುಗಟ್ಟಲೆ ಮುಚ್ಚಿದ್ದರೆ ಇದು ಕಡ್ಡಾಯ, ನಿಂತ ನೀರಲ್ಲೇ ಲೀಜಿಯೊನೆಲ್ಲಾ ಬೆಳೆಯುದು. 20ರಿಂದ 45 ಡಿಗ್ರಿ ಅದಕ್ಕೆ ಹಿತ, ಬೇಸಿಗೆಯಲ್ಲಿ ತಾರಸಿಯ ಟ್ಯಾಂಕ್ ಆ ಬಿಸಿಯಲ್ಲೇ ಇರ್ತದೆ. ಗೀಸರ್ 60ಕ್ಕೆ ಇಡಿ, ಆದ್ರೆ ತಣ್ಣೀರು ಬೆರೆಸದೆ ಮೈಗೆ ಹಾಕಿದ್ರೆ ಸುಡ್ತದೆ. ಸ್ವಚ್ಛ ಮಾಡುವುದು ಮೂರು ತಿಂಗಳಿಗೊಮ್ಮೆ, ಕಾಯಿಲೆ ಜೋರು ಇದ್ದವರ ಮನೆಯಲ್ಲಿ ತಿಂಗಳಿಗೊಮ್ಮೆ.

ಇಷ್ಟೆಲ್ಲ ಬೇಡ ಅನ್ನಿಸಿದ್ರೆ ಅಜ್ಜಿಯ ಬಚ್ಚಲಿಗೆ ಹೋಗಿ ಮಾರಾಯ್ರೆ. ಹಂಡೆಯಿಂದ ಚೊಂಬಲ್ಲಿ ಮೊಗೆದು ಹೊಯ್ದುಕೊಂಡ್ರೆ ನೀರು ದಪ್ಪಕ್ಕೆ ಬೀಳ್ತದೆ, ಶವರಿನಷ್ಟು ಮಂಜು ಏಳುದಿಲ್ಲ. ಹ್ಯಾಂಡ್ ಶವರ್ ಇದ್ದವರು ಪೈಪನ್ನೂ ಹೊಸತು ಹಾಕಿ, ಅದರ ಒಳಗೆ ಬ್ರಶ್ ಹೋಗುದಿಲ್ಲ. ಬ್ಯಾಟರಿ ಕೆಂಪಾಯ್ತು, ಬಕೆಟ್‌ನ ಬ್ಲೀಚ್ ನೀರು ಇನ್ನೂ ಚೆಲ್ಲಲಿಕ್ಕೆ ಉಂಟು.