ಚಿತೆಗೇರಿದ ಅಜ್ಜಂದಿರು: ದುರಿನ್ ಕುಲದ ಯುದ್ಧಚರಿತ್ರೆ

ಹಿರಿಯರೇ, ಅಧ್ಯಾಪಕ ಬಂಧುಗಳೇ, ವಿದ್ಯಾರ್ಥಿ ಮಿತ್ರರೇ,

ಬೀದರಿನ ಈ ಸಭೆಯಲ್ಲಿ ನಾನು ತಮ್ಮ ಮುಂದೆ ಇಡಬೇಕೆಂದಿರುವುದು ಈ ನೆಲದ ಮೇಲೆ ಎಂದೂ ಬಾಳದ ಒಂದು ಕುಲದ ಇತಿಹಾಸವನ್ನು. ಜೆ. ಆರ್. ಆರ್. ಟೋಲ್ಕಿನ್ ಕಲ್ಪಿಸಿದ ಮಧ್ಯಭೂಮಿಯಲ್ಲಿ ಕುಬ್ಜರಿಗೆ ಏಳು ಮೂಲಪುರುಷರು. ಅವರಲ್ಲಿ ಹಿರಿಯನಾದ ದುರಿನ್‌ನ ಸಂತತಿಯವರನ್ನು ಉದ್ದಗಡ್ಡದವರು ಎನ್ನುತ್ತಾರೆ. ಇವರ ಚರಿತ್ರೆಯ ಕ್ರಮವಾದ ನಿರೂಪಣೆ ಇರುವುದು ಮುಖ್ಯ ಕಥೆಯಲ್ಲಲ್ಲ, 'ದಿ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯ, 1955ರಲ್ಲಿ ಹೊರಬಂದ ಕೊನೆಯ ಸಂಪುಟದ ಅನುಬಂಧದಲ್ಲಿ. ಕಥೆ ಮುಗಿಯಿತೆಂದು ಪುಸ್ತಕ ಮುಚ್ಚಿಡುವ ಓದುಗರ ಕಣ್ಣಿಗೆ ಅದು ಬೀಳುವುದೇ ಇಲ್ಲ ಎಂಬುದು ನನ್ನ ಕೊರಗು.

ಕುಬ್ಜ ಎಂದೊಡನೆ ನಮಗೆ ವಾಮನನೋ, ದೇವಾಲಯದ ಅಧಿಷ್ಠಾನದಲ್ಲಿ ಭಾರ ಹೊತ್ತು ಕುಳಿತ ಗಣಗಳೋ ನೆನಪಾಗುವುದು ಸಹಜ. ಇಲ್ಲಿ ಅದು ಒಂದು ಜನಾಂಗದ ಹೆಸರು. ತಮ್ಮ ಭಾಷೆಯನ್ನು ಅನ್ಯರಿಗೆ ಕಲಿಸದ, ತಮ್ಮ ಒಳಹೆಸರನ್ನು ಗೋರಿಯ ಮೇಲೂ ಕೆತ್ತಿಸದ, ಕಲ್ಲನ್ನೂ ಲೋಹವನ್ನೂ ಪ್ರಾಣದಂತೆ ಪ್ರೀತಿಸುವ ಜನ ಇವರು. ಇವರಲ್ಲಿ ಹೆಣ್ಣುಮಕ್ಕಳ ಸಂಖ್ಯೆ ಮೂರರಲ್ಲೊಂದು ಪಾಲು ಮಾತ್ರ, ಮದುವೆಯಾಗುವವರೂ ಕಡಿಮೆ. ಹೀಗಾಗಿ ರಣರಂಗದಲ್ಲಿ ಸತ್ತ ಒಬ್ಬೊಬ್ಬನ ಜಾಗ ತುಂಬಲು ತಲೆಮಾರುಗಳೇ ಬೇಕಾಗುತ್ತಿದ್ದವು. ಯುದ್ಧಪ್ರಿಯರೆಂದು ಹೆಸರಾದ ಕುಲಕ್ಕೆ ಯುದ್ಧ ಎಷ್ಟು ದುಬಾರಿಯಾಗಿತ್ತೆಂಬುದನ್ನು ಇಲ್ಲಿಂದಲೇ ಅಳೆಯಬೇಕು.

ಅವರ ತೌರು ಖಜಾದ್-ದೂಮ್. ಬೆಟ್ಟಗಳ ಕೆಳಗೆ ಕೊರೆದ ಆ ಮಹಾನಗರದಲ್ಲಿ ಬೆಳ್ಳಿಗಿಂತ ಹೊಳಪಿನ, ಉಕ್ಕಿಗಿಂತ ಗಟ್ಟಿಯಾದ ಮಿಥ್ರಿಲ್ ಎಂಬ ಲೋಹ ಸಿಗುತ್ತಿತ್ತು. ನಗರದ ಪಡುವಣ ಬಾಗಿಲಿನ ಮೇಲಿನ ಗೆರೆಗಳನ್ನು ಆ ಲೋಹದಿಂದಲೇ ಬರೆದಿದ್ದರು. ಹಗಲಿನಲ್ಲಿ ಕಾಣದ ಅವು ಬೆಳದಿಂಗಳಿಗೂ ನಕ್ಷತ್ರದ ಬೆಳಕಿಗೂ ಮಾತ್ರ ಮೂಡುತ್ತಿದ್ದವು. ಕೋಟೆಯ ಮಣ್ಣು ಬೆರೆಸಿದ ನೀರಿನಲ್ಲಿ ಕುದಿಸಿದ ಮೇಲೆ ಬಿದರಿಯ ಹೂಜಿಯ ಮೈ ಕಪ್ಪಾಗಿ, ಅದರೊಳಗೆ ಬಡಿದು ಕೂರಿಸಿದ ಬೆಳ್ಳಿಯ ಎಳೆ ಒಮ್ಮೆಲೇ ಎದ್ದು ಬರುವುದನ್ನು ಈ ಊರಿನವರು ಕಂಡಿದ್ದೀರಿ. ಆ ಬಾಗಿಲನ್ನು ನಾನು ಊಹಿಸಿಕೊಳ್ಳುವುದು ಹಾಗೆಯೇ. ಆದರೆ ಮೂರನೆಯ ಯುಗದ 1980ರಲ್ಲಿ ಮಿಥ್ರಿಲ್‌ನ ಎಳೆ ಹಿಡಿದು ಆಳಕ್ಕೆ ಇಳಿಯುತ್ತಾ ಹೋದ ಅಗೆತಗಾರರು ಬಾಲ್ರೋಗ್ ಎಂಬ ಬೆಂಕಿಯ ಪಿಶಾಚಿಯನ್ನು ಎಬ್ಬಿಸಿಬಿಟ್ಟರು. ಅದೇ ವರ್ಷ ಒಬ್ಬ ಅರಸ, ಮರುವರ್ಷ ಅವನ ಮಗ ಸತ್ತರು; ಉಳಿದವರು ಮನೆ ಬಿಟ್ಟು ನಡೆದರು. 1999ರಲ್ಲಿ ಒಂಟಿಬೆಟ್ಟವಾದ ಎರೆಬೋರ್‌ನಲ್ಲಿ ಕಟ್ಟಿಕೊಂಡ ಹೊಸ ರಾಜ್ಯವನ್ನು 2770ರಲ್ಲಿ ಸ್ಮೌಗ್ ಎಂಬ ಘಟಸರ್ಪ ಕಿತ್ತುಕೊಂಡಿತು. ಇದಿಷ್ಟೂ ಪೀಠಿಕೆ.

ಬೀದಿಪಾಲಾದ ವೃದ್ಧ ಅರಸ ಥ್ರೋರ್ 2790ರಲ್ಲಿ ನಾರ್ ಎಂಬ ಒಬ್ಬನೇ ಸಂಗಡಿಗನೊಂದಿಗೆ ಖಜಾದ್-ದೂಮ್‌ನ ಬಾಗಿಲಿಗೆ ಬಂದ. ಆಗ ಅಲ್ಲಿ ಓರ್ಕ್ ಎಂಬ ಕ್ರೂರ ಜಾತಿಯವರು ಬೀಡುಬಿಟ್ಟಿದ್ದರು. ನಾರ್ ಬೇಡವೆಂದು ಅಂಗಲಾಚಿದರೂ ಕೇಳದೆ, ತನ್ನ ಮನೆಗೆ ತಾನು ಮರಳುವ ಯಜಮಾನನಂತೆ ಮುದುಕ ಒಳಗೆ ನಡೆದ. ಹಲವು ದಿನಗಳ ಮೇಲೆ ಅವನ ಹೆಣ ಮೆಟ್ಟಿಲ ಮೇಲೆ ಬಂದು ಬಿತ್ತು. ಕತ್ತರಿಸಿದ ತಲೆಯ ಹಣೆಯ ಮೇಲೆ, ಕುಬ್ಜರು ಓದಬಲ್ಲ ಅವರದೇ ಲಿಪಿಯಲ್ಲಿ, ಅಜೋಗ್ ಎಂದು ಬರೆಹಾಕಲಾಗಿತ್ತು; ಅದು ಆ ಓರ್ಕ್‌ಗಳ ಒಡೆಯನ ಹೆಸರು. ತಲೆಯನ್ನು ಒಯ್ಯಲು ಬಾಗಿದ ನಾರ್‌ನನ್ನು ಅಜೋಗ್ ತಡೆದು, ಕೂಲಿಯೆಂಬಂತೆ ಕೆಲವು ಪುಡಿಗಾಸಿದ್ದ ಸಣ್ಣ ಚೀಲವೊಂದನ್ನು ಅವನತ್ತ ಎಸೆದ.

ಸುದ್ದಿ ಕೇಳಿದ ಮಗ ಥ್ರಾಯಿನ್ ಗಡ್ಡ ಕಿತ್ತುಕೊಂಡು ಅತ್ತ. ಆಮೇಲೆ ಏಳು ದಿನ ತುಟಿ ಬಿಚ್ಚದೆ ಕುಳಿತು, ಎರಡನೆಯ ಮಾತಿಗೆ ಎಡೆಯಿಲ್ಲವೆಂಬಂತೆ, ಇದನ್ನು ಸಹಿಸಲಾಗದು ಎಂದಷ್ಟೇ ಹೇಳಿ ಎದ್ದ. ಗಮನಿಸಿ, ಮನೆ ಹೋದಾಗ ಈ ಕುಲ ದಂಡು ಕಟ್ಟಲಿಲ್ಲ, ನಿಧಿ ಹೋದಾಗಲೂ ಕಟ್ಟಲಿಲ್ಲ. ಹಿರಿಯನ ಹೆಣಕ್ಕಾದ ಅವಮಾನಕ್ಕೆ ಕಟ್ಟಿತು. ಸೇನೆ ಕೂಡಿಸಲು ಮೂರು ವರ್ಷ, ಹೋರಾಡಲು 2793ರಿಂದ 2799ರವರೆಗೆ ಆರು ವರ್ಷ. ಇತರ ಆರು ಕುಲಗಳವರೂ ಹಿರಿಯ ಕುಲದ ಮಾನಕ್ಕಾಗಿ ಜೊತೆಗೂಡಿದರು. ಕಾಳಗ ಬಹುಪಾಲು ನಡೆದದ್ದು ಭೂಮಿಯ ಒಳಗೆ, ಕತ್ತಲಲ್ಲಿ. ನೌಬಾದಿನ ಸುರಂಗ ಬಾವಿಗೆ ಇಳಿದು ನಾಲ್ಕು ಹೆಜ್ಜೆ ಒಳಹೋದವರಿಗೆ, ಅಂಥ ಇಕ್ಕಟ್ಟಿನಲ್ಲಿ ಕೊಡಲಿ ಬೀಸುವುದೆಂದರೇನು ಎಂಬುದನ್ನು ನಾನು ವಿವರಿಸಬೇಕಾಗಿಲ್ಲ.

ಕೊನೆಯ ಕಾಳಗ ಖಜಾದ್-ದೂಮ್‌ನ ಮೂಡಣ ಬಾಗಿಲ ಮುಂದಿನ ಅಜಾನುಲ್‌ಬಿಜಾರ್ ಕಣಿವೆಯಲ್ಲಿ, ಬಿಸಿಲಿಲ್ಲದ ಒಂದು ಚಳಿಗಾಲದ ದಿನ ನಡೆಯಿತು. ಥ್ರಾಯಿನ್‌ನ ಮೊದಲ ದಾಳಿ ಮುರಿಯಿತು, ಅವನ ಕಿರಿಯ ಮಗ ಬಿದ್ದ. ಹಿರಿಯ ಮಗ ಥೋರಿನ್ ಗುರಾಣಿ ಒಡೆದುಹೋದಾಗ ಓಕ್ ಮರದ ಕೊಂಬೆಯನ್ನೇ ಕಡಿದು ಹಿಡಿದ. ತಡವಾಗಿ ಬಂದ ಕಬ್ಬಿಣಬೆಟ್ಟದ ಕುಬ್ಜರ ಪಡೆಯ ನಾಯಕ ನಾಯಿನ್‌ನ ಕತ್ತನ್ನು ಅಜೋಗ್ ಮುರಿದ. ನಾಯಿನ್‌ನ ಮಗ ದಾಯಿನ್‌ಗೆ ಆಗ 32 ವರ್ಷ, ಕುಬ್ಜರ ಲೆಕ್ಕದಲ್ಲಿ ಇನ್ನೂ ಹುಡುಗ. ಅವನು ಮೆಟ್ಟಿಲ ಮೇಲೆ ಅಟ್ಟಿಸಿಕೊಂಡು ಹೋಗಿ ಬಾಗಿಲೆದುರಿನಲ್ಲೇ ಅಜೋಗ್‌ನ ತಲೆ ಹಾರಿಸಿದ. ಆ ತಲೆಯನ್ನು ಶೂಲಕ್ಕೆ ಚುಚ್ಚಿ, ಪುಡಿಗಾಸಿನ ಅದೇ ಚೀಲವನ್ನು ಅದರ ಬಾಯಿಗೆ ತುರುಕಿದರು.

ಗೆದ್ದವರಲ್ಲಿ ಎದ್ದು ನಿಲ್ಲಬಲ್ಲವರು ಅರ್ಧದಷ್ಟೂ ಇರಲಿಲ್ಲ. ಒಕ್ಕಣ್ಣನಾಗಿದ್ದ ಥ್ರಾಯಿನ್ ಒಳಗೆ ನುಗ್ಗೋಣವೆಂದ. ಇದು ನಮ್ಮ ಪಿತೃಗಳ ಮನೆಯಲ್ಲ, ಮಾನ ಉಳಿಸಲು ಬಂದೆವು, ಉಳಿಯಿತು ಎಂದರು ಇತರ ಕುಲದವರು. ಬಾಗಿಲಿನಿಂದ ಇಳಿದು ಬಂದ ದಾಯಿನ್‌ನ ಮುಖ ಬಿಳಿಚಿತ್ತು. ನೆರಳಿನ ಆಚೆ ಬಾಲ್ರೋಗ್ ಇನ್ನೂ ಕಾದಿದೆಯೆಂದು ಅವನು ತಿಳಿಸಿದ. ಒಂಬತ್ತು ವರ್ಷ ಯಾವ ಬಾಗಿಲಿಗಾಗಿ ಹಂಬಲಿಸಿದರೋ ಅದು ತೆರೆದೇ ಇತ್ತು, ಯಾರೂ ಒಳಗೆ ಕಾಲಿಡಲಿಲ್ಲ.

ಸತ್ತವರ ಪ್ರಶ್ನೆ ಉಳಿಯಿತು. ಕುಬ್ಜರು ಹೆಣವನ್ನು ಮಣ್ಣಿಗೆ ಕೊಡುವವರಲ್ಲ, ಕಲ್ಲಿನ ಗೋರಿಯಲ್ಲೇ ಮಲಗಿಸಬೇಕು. ಅಷ್ಟೂರಿನ ಗುಮ್ಮಟಗಳ ನಡುವೆ ನಿಂತು, ಒಬ್ಬೊಬ್ಬ ಸುಲ್ತಾನನಿಗಾಗಿ ಎಷ್ಟು ಕಲ್ಲು, ಎಷ್ಟು ಕೈ ಬೇಕಾಗಿದ್ದವೆಂದು ಯೋಚಿಸಿದವರಿಗೆ ಅವರ ಸಂಕಟ ಅರ್ಥವಾಗುತ್ತದೆ. ಅಷ್ಟೊಂದು ಜನರಿಗೆ ಗೋರಿ ಕೊರೆಯಲು ವರ್ಷಗಟ್ಟಲೆ ಬೇಕು. ಬಿಟ್ಟುಹೋದರೆ ಹದ್ದು ನರಿಗಳ ಪಾಲು. ಹೀಗಾಗಿ ಕಣಿವೆಯ ಮರಗಳನ್ನೆಲ್ಲ ಕಡಿದು ಚಿತೆ ಒಡ್ಡಿ ಸುಟ್ಟರು. ಹೊಗೆ ದೂರದ ಕಾಡಿನವರೆಗೆ ಕಾಣಿಸಿತು. ಆ ಕಣಿವೆ ಮತ್ತೆಂದೂ ಹಸಿರಾಗಲಿಲ್ಲ.

ನಮ್ಮ ಈ ಸೀಮೆಯಲ್ಲಿ ಹೋರಾಡಿ ಸತ್ತವನಿಗೆ ವೀರಗಲ್ಲು ನಿಲ್ಲಿಸಿದರು: ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಕಲ್ಲನ್ನೇ ಉಸಿರಾಗಿಸಿಕೊಂಡಿದ್ದ ದುರಿನ್‌ನ ಕುಲಕ್ಕೆ ತನ್ನ ಅತಿ ದೊಡ್ಡ ಗೆಲುವಿನ ವೀರರಿಗಾಗಿ ಒಂದು ಕಲ್ಲನ್ನೂ ನೆಡಲಾಗಲಿಲ್ಲ. ಅದರ ಬದಲಿಗೆ ಒಂದು ಮಾತು ಉಳಿಯಿತು. ತನ್ನ ಹಿರಿಯರಲ್ಲೊಬ್ಬ ಸುಡಲ್ಪಟ್ಟ ಕುಬ್ಜ ಎಂದು ಯಾರಾದರೂ ಎದೆಯುಬ್ಬಿಸಿ ಹೇಳಿದರೆ ಕೇಳುವವರಿಗೆ ಅಷ್ಟೇ ಸಾಕಾಗುತ್ತಿತ್ತು, ಕಾಳಗದ ಹೆಸರನ್ನು ಎತ್ತಬೇಕಾಗಿರಲಿಲ್ಲ. ನನ್ನ ಮಟ್ಟಿಗೆ ಆ ಒಂದು ಮಾತೇ ಅವರ ವೀರಗಲ್ಲು.

ಮುಂದೆ 2941ರಲ್ಲಿ ಥೋರಿನ್ ಎರೆಬೋರನ್ನು ಮರಳಿ ಪಡೆದು ಅಲ್ಲೇ ಮಡಿದ. ಅವನಿಗೆ ಬೆಟ್ಟದಾಳದಲ್ಲಿ ಕಲ್ಲಿನ ಗೋರಿ ದೊರೆಯಿತು. ಅವನ ಬಳಿಕ ಪಟ್ಟಕ್ಕೆ ಬಂದವನು ಅದೇ ದಾಯಿನ್. 3019ರಲ್ಲಿ ಶತ್ರುಗಳು ಮತ್ತೆ ಬೆಟ್ಟದ ಬಾಗಿಲಿಗೆ ಬಂದಾಗ ಅವನಿಗೆ 252 ವರ್ಷ. ನೆರೆಯ ಮನುಷ್ಯರ ಅರಸ ಬ್ರಾಂಡ್ ಮೂರು ದಿನಗಳ ಕಾಳಗದಲ್ಲಿ ಬಿದ್ದ. ಆ ಗೆಳೆಯನ ಹೆಣವನ್ನು ಓರ್ಕ್‌ಗಳ ಕೈಗೆ ಬಿಡದೆ, ಕೊಡಲಿ ಹಿಡಿದು ಅದರ ಮೇಲೆ ಕಾವಲು ನಿಂತು, ಕತ್ತಲಾಗುವವರೆಗೂ ಹೋರಾಡಿ ದಾಯಿನ್ ಅಲ್ಲಿಯೇ ಉರುಳಿದ.