ಅಜ್ಜನ ಹೊಲದ ಕರಿಕಲ್ಲು, ರೈಯೋಲಿಯ ಮೊಟ್ಟೆ

ನೆಲದಲ್ಲಿ ಈ ದುಂಡನೆ ಗುರುತು ಕಾಣಿಸುತ್ತಿದೆಯಾ? ಕ್ಯಾಮೆರಾ ಇನ್ನೂ ಹತ್ತಿರ ತರುತ್ತೇನೆ. ಅಂಚಿನಲ್ಲಿ ಬಳೆಯ ಹಾಗೆ ತೆಳ್ಳಗೆ ಒಂದು ಗೆರೆ ಇದೆ ನೋಡಿ. ಅದು ಚಿಪ್ಪು. ಇದು ಡೈನೋಸಾರ್ ಮೊಟ್ಟೆ.

ನಾನೀಗ ಗುಜರಾತಿನ ಬಾಲಾಸಿನೋರ್ ಹತ್ತಿರದ ರೈಯೋಲಿಯಲ್ಲಿದ್ದೇನೆ. ಹಣೆಯ ಮೇಲೆ ಗಿಡ್ಡ ಕೊಂಬಿದ್ದ ರಾಜಾಸಾರಸ್ ಅನ್ನುವ ಡೈನೋಸಾರ್‌ನ ಮೂಳೆಗಳು ಸಿಕ್ಕಿದ್ದೂ ಇಲ್ಲೇ. ಆ ಹೆಸರು ಇಟ್ಟಿದ್ದು 2003ರಲ್ಲಿ. ಅದು ಬೇಟೆಗಾರ. ಈ ಮೊಟ್ಟೆಗಳು ಉದ್ದ ಕತ್ತಿನ, ಸೊಪ್ಪು ತಿನ್ನುವ ಟೈಟನೋಸಾರ್‌ಗಳದ್ದು.

ಇವೆಲ್ಲ ಕ್ರಿಟೇಷಿಯಸ್ ಕಾಲದ, ಅಂದರೆ ಡೈನೋಸಾರ್‌ಗಳ ಕೊನೆಯ ಯುಗದ, ಕೊನೆಯ ಭಾಗದವು. ಆ ಭಾಗ ಸುಮಾರು 10 ಕೋಟಿ ವರ್ಷದ ಹಿಂದೆ ಶುರುವಾಗಿ, 6.6 ಕೋಟಿ ವರ್ಷದ ಹಿಂದೆ ಮುಗಿಯಿತು. ಆಗ ಹಿಮಾಲಯ ಹುಟ್ಟಿರಲಿಲ್ಲ. ಮಡಗಾಸ್ಕರ್‌ನ ಕೈಬಿಟ್ಟು, ನಮ್ಮ ನೆಲ ಒಂಟಿಯಾಗಿ ಉತ್ತರಕ್ಕೆ ಸಾಗುತ್ತಿತ್ತು.

ನನಗೆ ಜಾಸ್ತಿ ಕಾಡುವುದು ಇದೇ ರಾಜ್ಯದ ಧೋಲಿ ಡುಂಗ್ರಿಯ ಒಂದು ಗೂಡು. 1984ರಲ್ಲಿ ಭೂವಿಜ್ಞಾನಿ ಧನಂಜಯ ಮೊಹಬೆ ಅಲ್ಲಿ ಮೊಟ್ಟೆಗಳ ಜೊತೆ ಸಣ್ಣ ಮೂಳೆಗಳನ್ನು ಕಂಡರು. ಎಲ್ಲವೂ ಡೈನೋಸಾರ್ ಮರಿಯದ್ದೇ ಅಂತ ಮೊದಲು ಅಂದುಕೊಂಡಿದ್ದರು. 2001ರಲ್ಲಿ ಅಮೆರಿಕದ ಪಳೆಯುಳಿಕೆ ತಜ್ಞ ಜೆಫ್ರಿ ವಿಲ್ಸನ್ ಅದನ್ನು ನೋಡಿದಾಗ ಗೊತ್ತಾಯಿತು, ಅದರಲ್ಲಿ ಹಾವೂ ಇದೆ! ಮೂರೂವರೆ ಮೀಟರ್ ಉದ್ದದ ಹಾವು, ಒಡೆದ ಮೊಟ್ಟೆಯ ಸುತ್ತ ಸುರುಳಿ ಸುತ್ತಿಕೊಂಡಿದೆ. ಪಕ್ಕದಲ್ಲೇ ಆಗಷ್ಟೇ ಹೊರಬಂದ, ಅರ್ಧ ಮೀಟರ್ ಉದ್ದದ ಮರಿ. ಈಗಿನ ಹೆಬ್ಬಾವಿನಷ್ಟು ದೊಡ್ಡದಾಗಿ ಬಾಯಿ ತೆರೆಯಲು ಆ ಹಾವಿಗೆ ಆಗುತ್ತಿರಲಿಲ್ಲ. ಮೊಟ್ಟೆ ನುಂಗುವಂತಿಲ್ಲ, ಮರಿ ಬರಲಿ ಅಂತ ಕಾಯಬೇಕು. ಅಷ್ಟರಲ್ಲಿ ಮಳೆಗೆ ಜಾರಿದ ಮಣ್ಣು ಹಾವು, ಮರಿ ಎರಡನ್ನೂ ಮುಚ್ಚಿಬಿಟ್ಟಿರಬೇಕು. ಆ ಕ್ಷಣ ಹಾಗೇ ಕಲ್ಲಾಯಿತು. 2010ರಲ್ಲಿ ಹಾವಿಗೆ ಸನಾಜೆ ಇಂಡಿಕಸ್ ಅಂತ ಹೆಸರಾಯಿತು.

ಈ ಯುಗ ಮುಗಿಯುವ ಹೊತ್ತಿಗೆ ನಮ್ಮ ನೆಲ ಬಿರಿದು ಲಾವಾ ಉಕ್ಕಿತು. ಒಮ್ಮೆಲೇ ಅಲ್ಲ, ಬಿಟ್ಟು ಬಿಟ್ಟು, ಲಕ್ಷಾಂತರ ವರ್ಷ. ಅತ್ತ ಮೆಕ್ಸಿಕೊದಲ್ಲಿ ದೊಡ್ಡ ಉಲ್ಕೆಯೂ ಬಿತ್ತು. ಹಕ್ಕಿಗಳನ್ನು ಬಿಟ್ಟರೆ ಡೈನೋಸಾರ್‌ಗಳು ಉಳಿಯಲಿಲ್ಲ.

ಆ ಲಾವಾ ಹರಿದು ನಮ್ಮ ಕಡೆಗೂ ಬಂದಿದೆ. ಬೆಳಗಾವಿ, ಕಲಬುರಗಿ, ಬೀದರ್, ನಮ್ಮ ವಿಜಯಪುರ. ಗೋಲಗುಮ್ಮಟದ ಕರಿಕಲ್ಲು ಅದೇ. ಆ ಕಲ್ಲು ಸವೆದು ಆದ ಎರೆಮಣ್ಣಿನಲ್ಲೇ ನಮ್ಮ ಬಿಳಿಜೋಳ ಬೆಳೆಯುವುದು. ಚಿಕ್ಕವನಿದ್ದಾಗ ಅಜ್ಜನ ಹೊಲದ ಬಾವಿಯಲ್ಲಿ ಇಳಿಯುವಾಗ ಕಲ್ಲಿನ ಪದರಗಳ ಮೇಲೆ ಕಾಲಿಡುತ್ತಿದ್ದೆ. ಸುಮ್ನೆ ಮೆಟ್ಟಿಲು ಅಂದುಕೊಂಡಿದ್ದೆ.

ನಾಳೆ ರಾತ್ರಿ ಊರಿಗೆ ರೈಲು. ಇಳಿದ ಕೂಡಲೇ ಆ ಬಾವಿಗೆ ಹೋಗುತ್ತೇನೆ, ಕ್ಯಾಮೆರಾ ಹಿಡಿದು.