ಸಿಇಟಿ ಅರ್ಜಿಗೆ ಹೈಸ್ಕೂಲಿನಲ್ಲೇ ತಯಾರಿ

ಕೇಳುಗರಿಗೆ ನಮಸ್ಕಾರ. ಹೈಸ್ಕೂಲ್ ಮಕ್ಕಳೇ, ಇವತ್ತು ಸಿಇಟಿ, ಅಂದರೆ ಪಿಯುಸಿ ಆದಮೇಲೆ ಎಂಜಿನಿಯರಿಂಗ್‌ನಂಥ ಕೋರ್ಸಿಗೆ ಸೇರಲು ಬರೆಯುವ ಪ್ರವೇಶ ಪರೀಕ್ಷೆಯ ಅರ್ಜಿಯ ಬಗ್ಗೆ ನಿಮ್ಮ ಜೊತೆ ಮಾತಾಡಬೇಕು. ಅದನ್ನು ಸೆಕೆಂಡ್ ಪಿಯುಸಿಗೆ ಬಂದಾಗ ನೋಡಿಕೊಂಡರೆ ಆಯ್ತಲ್ವಾ ಅನ್ನಬೇಡಿ. ಆ ಅರ್ಜಿಗೆ ಬೇಕಾದ ಎಷ್ಟೋ ವಿಷಯ ನೀವು ಹತ್ತನೇ ತರಗತಿ ಮುಗಿಸುವ ಹೊತ್ತಿಗೇ ತೀರ್ಮಾನವಾಗಿರುತ್ತದೆ.

ನನ್ನ ಮಗಳು ಹಳ್ಳಿಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವಳು. ಸಿಇಟಿ ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ ಶೇಕಡಾ 15, ಕನ್ನಡ ಮಾಧ್ಯಮದ್ದು ಶೇಕಡಾ 5. ಎರಡಕ್ಕೂ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಹತ್ತು ವರ್ಷ ಹಾಗೇ ಓದಿರಬೇಕು. ಅದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಹೆಡ್‌ಮಾಸ್ಟರ್ ಸಹಿ ಮಾಡಬೇಕು, ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಮೇಲುಸಹಿ ಹಾಕಬೇಕು. ಅವಳು ಏಳರವರೆಗೆ ನಮ್ಮೂರಲ್ಲಿ, ಆಮೇಲೆ ಪಕ್ಕದ ಊರಲ್ಲಿ ಓದಿದ್ದರಿಂದ ಎರಡು ಶಾಲೆಯಿಂದಲೂ ಪತ್ರ ಬೇಕಾಯಿತು. ಹೋಗಿ ನೋಡಿದರೆ ನಮ್ಮೂರ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಅವಳ ಹೆಸರಿಗೆ ಇನಿಷಿಯಲ್ಲೇ ಇಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದೆ. ಜಾತಿ ಪ್ರಮಾಣಪತ್ರದಲ್ಲಿ ನನ್ನ ಹೆಸರಿನ ಕಾಗುಣಿತವೇ ಬೇರೆ! ಪುಸ್ತಕ ಹಿಡಿದು ಕೂರಬೇಕಾದ ದಿನಗಳಲ್ಲಿ ಹುಡುಗಿ ನನ್ನ ಸ್ಕೂಟರ್ ಹಿಂದೆ ಕೂತು ಕಚೇರಿ ಕಚೇರಿ ಸುತ್ತಿದಳು. ಮಡಿಲಲ್ಲಿ ಫೈಲು, ಅದರ ಮೇಲೆ ಕೆಮಿಸ್ಟ್ರಿ ನೋಟ್ಸು. ಮೂರು ವರ್ಷ ಮೊದಲೇ ನಾನು ಆ ರಿಜಿಸ್ಟರ್ ನೋಡಿದ್ದರೆ ಅವಳಿಗೆ ಈ ಅಲೆದಾಟ ಇರುತ್ತಿರಲಿಲ್ಲ. ಆ ಸಂಕಟ ನನಗೆ ಇವತ್ತಿಗೂ ಹೋಗಿಲ್ಲ.

ಇನ್ನು ಓದಿನ ಮಾತು. ಎಂಜಿನಿಯರಿಂಗ್ ರ‍್ಯಾಂಕಿಗೆ ಸಿಇಟಿ ಅಂಕ ಅರ್ಧ. ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಅಂಕ ಇನ್ನರ್ಧ. ಹಾಗಾಗಿ ಬೋರ್ಡ್ ಪರೀಕ್ಷೆ ಸುಮ್ನೆ ಪಾಸಾದರೆ ಸಾಲದು. ಹತ್ತನೇ ತರಗತಿಯ ತ್ರಿಕೋನಮಿತಿ ಗಟ್ಟಿಯಿಲ್ಲದೆ ಪಿಯುಸಿಗೆ ಹೋದವರು ಮೊದಲ ತಿಂಗಳಲ್ಲೇ ತಡವರಿಸುವುದನ್ನು ನಾನು ಕಂಡಿದ್ದೇನೆ. ಮೆಡಿಕಲ್ ಬೇಕು ಅನ್ನುವವರಿಗೆ ನೀಟ್ ಅನ್ನುವ ಬೇರೆ ಪ್ರವೇಶ ಪರೀಕ್ಷೆ ಇದೆ, ಅದರ ದಾರಿಯೇ ಬೇರೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ಕಳಿಸುವ ಮೊದಲು ಮೇಷ್ಟ್ರು ನಿಮ್ಮ ವಿವರ ತೋರಿಸಿ ಸಹಿ ಕೇಳಿದರೆ ಅವಸರ ಮಾಡಬೇಡಿ. ನಿಮ್ಮ ಹೆಸರು, ಅಪ್ಪ ಅಮ್ಮನ ಹೆಸರು, ಹುಟ್ಟಿದ ದಿನ, ಎಲ್ಲವನ್ನೂ ಆಧಾರ್ ಕಾರ್ಡ್ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ನೋಡಿ. ತಪ್ಪಿದ್ದರೆ ಅಲ್ಲೇ ಹೇಳಿ, ಸಂಕೋಚ ಬೇಡ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಸಿಗುತ್ತವೆ. ಅದರ ಮೇಲಿರುವ ಆರ್‌ಡಿ ನಂಬರನ್ನೇ ಅರ್ಜಿಯಲ್ಲಿ ಕೇಳುವುದು. ಈ ಬೇಸಿಗೆ ರಜೆಯಲ್ಲಿ ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು, ಒಂದನೇ ತರಗತಿಗೆ ಸೇರಿದ ಶಾಲೆಗೆ ಒಮ್ಮೆ ಹೋಗಿಬನ್ನಿ. ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಹೇಗಿದೆ ಅಂತ ತೋರಿಸಲು ಕೇಳಿ.

ನಮಸ್ಕಾರ.